ಮೂರನೆಯ ಯಾತ್ರಿ



ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರು ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ನೀಲ್ ಆರ್ಮ್‌ಸ್ಟ್ರಾಂಗ್ ಎಂದು ಥಟ್ಟನೆ ಹೇಳುತ್ತಾರೆ. ಎರಡನೆಯವರು? ಸ್ವಲ್ಪ ತಲೆ ಕೆರೆದುಕೊಂಡು ಆಲ್ಡ್ರಿನ್ ಎಂದಾರು. ಅವರ ಜೊತೆಗೇ ಹೊರಟ ಮೂರನೆಯವರು ಯಾರು ಎಂದರೆ ಮಾತ್ರ ದೊಡ್ಡವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇವತ್ತು ನಾನು ಹೇಳಹೊರಟಿರುವುದು ಅವರ ವಿಷಯ. ಹೆಸರು ಮೈಕೆಲ್ ಕಾಲಿನ್ಸ್.

ಅಪೊಲೊ 11 ಹೊರಟದ್ದು 1969ರ ಜುಲೈ 16ರಂದು. ನಾಲ್ಕು ದಿನದ ನಂತರ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ 'ಈಗಲ್' ಎಂಬ ಪುಟ್ಟ ನೌಕೆಯಲ್ಲಿ ಕೆಳಗಿಳಿದರು. ಮಾತೃನೌಕೆ 'ಕೊಲಂಬಿಯಾ'ದಲ್ಲಿ ಉಳಿದವರು ಕಾಲಿನ್ಸ್ ಒಬ್ಬರೇ. ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ಚಂದ್ರನನ್ನು ಸುತ್ತುತ್ತಾ ಅವರು 28 ಗಂಟೆ ಕಾಯ್ದರು. ಒಂದು ಸುತ್ತಿಗೆ ಎರಡು ಗಂಟೆ. ಅದರಲ್ಲಿ 48 ನಿಮಿಷ ಚಂದ್ರನ ಆಚೆ ಬದಿ. ಅಲ್ಲಿ ರೇಡಿಯೋ ಕೂಡ ಮೂಕ! ಆದಿಮಾನವನ ನಂತರ ಇಂಥ ಒಂಟಿತನ ಯಾರಿಗೂ ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಆದರೆ ಕಾಲಿನ್ಸ್ ತಮಗೆ ಒಂಟಿ ಅನ್ನಿಸಲೇ ಇಲ್ಲ, ಬಿಸಿ ಕಾಫಿ ಇತ್ತು, ಬೇಕೆಂದಾಗ ಸಂಗೀತವಿತ್ತು ಎಂದು ನಕ್ಕುಬಿಟ್ಟರು. ಕಾಫಿ ಇದ್ದ ಮೇಲೆ ನಮ್ಮವರೂ ಬಹುಶಃ ಅದನ್ನೇ ಹೇಳುತ್ತಿದ್ದರು.

ಕೆಳಗೆ ನಡೆಯುತ್ತಿದ್ದುದನ್ನು ನೋಡಲು ಅವರ ಬಳಿ ಟಿವಿ ಇರಲಿಲ್ಲ. ಈ ದೃಶ್ಯ ನೋಡದಿರುವವರು ನೀವೊಬ್ಬರೇ ಇರಬೇಕು ಎಂದು ಹ್ಯೂಸ್ಟನ್ ಕೇಂದ್ರದವರು ತಮಾಷೆ ಮಾಡಿದರು. ಪರವಾಗಿಲ್ಲ ಎಂದ ಕಾಲಿನ್ಸ್, ಚಿತ್ರ ಚೆನ್ನಾಗಿ ಬರುತ್ತಿದೆಯೇ ಎಂದು ವಿಚಾರಿಸಿದರು. ಪಾಪ, ಹ್ಯೂಸ್ಟನ್ನಿನವರಿಗೆ ನಮ್ಮ ಲೆಕ್ಕ ಗೊತ್ತಿರಲಿಲ್ಲ. ಭಾರತದಲ್ಲಿ ಆಗ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಮುಂಬಯಿಗೆ ಬಂದದ್ದು 1972ರಲ್ಲಿ. ಜುಲೈ 21ರ ಸೋಮವಾರ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 26 ನಿಮಿಷಕ್ಕೆ ಆರ್ಮ್‌ಸ್ಟ್ರಾಂಗ್ ಹೆಜ್ಜೆ ಇಟ್ಟರು. ಆ ಸುದ್ದಿ ನಮ್ಮ ಹಿರಿಯರಿಗೆ ಬಂದದ್ದು ರೇಡಿಯೋದಲ್ಲೇ. ಕಾಲಿನ್ಸರೂ ನಮ್ಮ ಹಾಗೆ ಬರೀ ಕೇಳುಗರು!

ಅವರನ್ನು ಕಾಡುತ್ತಿದ್ದ ಭಯವೇ ಬೇರೆ. ಈಗಲ್ ಮೇಲೇಳಲು ಇದ್ದದ್ದು ಒಂದೇ ಇಂಜಿನ್. ಅದು ಹೊತ್ತಿಕೊಳ್ಳದಿದ್ದರೆ ಬದಲಿಯಿಲ್ಲ. ಈಗಲ್ ಅರ್ಧ ದಾರಿಗಾದರೂ ಏರಿದರೆ ಕಾಲಿನ್ಸ್ ಕೆಳಗಿಳಿದು ಹಿಡಿದುಕೊಳ್ಳಬಹುದಿತ್ತು. ಅಂಥ 18 ಬಗೆಯ ಉಪಾಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ನೆಲ ಬಿಟ್ಟು ಏಳದೇ ಹೋದರೆ ಮಾತ್ರ ಇಬ್ಬರನ್ನೂ ಅಲ್ಲೇ ಬಿಟ್ಟು ಒಬ್ಬರೇ ಮರಳಬೇಕು. ತಿಂಗಳುಗಟ್ಟಲೆ ಈ ಯೋಚನೆಯನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದೆ ಎಂದು ಅವರು ಆಮೇಲೆ ಬರೆದರು. ಇದು ಅತಿಯಾದ ಅಂಜಿಕೆಯೇನಲ್ಲ. ಅಧ್ಯಕ್ಷ ನಿಕ್ಸನ್ ಓದಬೇಕಾದ ಶೋಕಭಾಷಣ ಜುಲೈ 18ರಂದೇ ಸಿದ್ಧವಾಗಿತ್ತು. ಮೇಲಾಗಿ, ಈಗಲ್‌ನ ಇಕ್ಕಟ್ಟಿನಲ್ಲಿ ಆ ಇಂಜಿನ್ನಿನ ಒಂದು ಸ್ವಿಚ್ಚಿನ ತುದಿಯೇ ಮುರಿದುಹೋಗಿತ್ತು. ಆಲ್ಡ್ರಿನ್ ಜೇಬಿನಲ್ಲಿದ್ದ ಸ್ಕೆಚ್ ಪೆನ್ನಿನಿಂದ ಅದನ್ನು ಒತ್ತಿದರು.

ಇಂಜಿನ್ ಹೊತ್ತಿಕೊಂಡಿತು. ಆಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ ಸುಮಾರು. ಈಗಲ್ ಹತ್ತಿರ ಬರುವಾಗ ಕಾಲಿನ್ಸ್ ಒಂದು ಫೋಟೋ ತೆಗೆದರು. ಕೆಳಗೆ ಚಂದ್ರ, ನಡುವೆ ಇಬ್ಬರು ಸ್ನೇಹಿತರಿರುವ ಪುಟ್ಟ ನೌಕೆ, ಹಿಂದೆ ಅರ್ಧ ಭೂಮಿ. ನನ್ನ ಮಟ್ಟಿಗೆ ಇಡೀ ಯಾತ್ರೆಯ ಅತ್ಯುತ್ತಮ ಚಿತ್ರ ಅದೇ. ಎಲ್ಲ ಮನುಷ್ಯರೂ ಅದರೊಳಗಿದ್ದಾರೆ, ತೆಗೆದವರೊಬ್ಬರ ಹೊರತು.

ಜುಲೈ 24ರಂದು ಮೂವರೂ ಪೆಸಿಫಿಕ್ ಸಾಗರಕ್ಕೆ ಇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೋಕಸಂಚಾರದ ನಡುವೆ ಮುಂಬಯಿಗೂ ಬಂದಿದ್ದರು. ಅಂದು ಅವರನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೂಡಿಸಿಕೊಂಡು ಕೇಳಿ. ಆರ್ಮ್‌ಸ್ಟ್ರಾಂಗ್ 2012ರಲ್ಲಿ ತೀರಿಕೊಂಡರು, ಕಾಲಿನ್ಸ್ 2021ರ ಏಪ್ರಿಲ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಕಾಲಿನ್ಸ್ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ನಿರ್ದೇಶಕರಾದರು. 1976ರಲ್ಲಿ ಅದರ ದೊಡ್ಡ ಕಟ್ಟಡ ತೆರೆದದ್ದು ಅವರ ಕಾಲದಲ್ಲೇ. ಕೊಲಂಬಿಯಾ ಕೂಡ ಆ ಸಂಗ್ರಹಾಲಯದಲ್ಲೇ ಇದೆ. ಸಮುದ್ರದಿಂದ ಎತ್ತಿ ಹಡಗಿನಲ್ಲಿ ತರುತ್ತಿದ್ದಾಗ ಕಾಲಿನ್ಸ್ ಮತ್ತೆ ಅದರೊಳಗೆ ನುಸುಳಿ, ಇಷ್ಟು ಒಳ್ಳೆಯ ನೌಕೆ ಇನ್ನೊಂದಿಲ್ಲ, ದೇವರು ಇದಕ್ಕೆ ಒಳ್ಳೆಯದು ಮಾಡಲಿ ಎಂಬರ್ಥದ ನಾಲ್ಕು ಮಾತನ್ನು ಪೆನ್ನಿನಲ್ಲಿ ಗೋಡೆಯ ಮೇಲೆ ಬರೆದು ಸಹಿ ಹಾಕಿದ್ದರು. ಆ ಬರಹ ಹಾಗೇ ಇದೆ.