ಪರವಾನಗಿ ಕಚೇರಿಯದು, ಪರಿಣಾಮ ಊರಿನದು



ಕಡೂರು ತಾಲ್ಲೂಕಿನ ಮುಸ್ಲಾಪುರದಲ್ಲಿ 2023ರಲ್ಲಿ ನಡೆದುದನ್ನು ಈ ಜಿಲ್ಲೆಯ ಜನ ಮರೆತಿರಲಾರರು. ಊರಿಗೆ ಬಾರ್ ಬೇಡವೆಂದು ಹೆಂಗಸರು ವಿರೋಧಿಸಿದ್ದರು. ಆದರೂ ಬಾರ್ ತೆರೆಯಿತು. ಕೊನೆಗೆ ಹೆಂಗಸರೇ ಒಳನುಗ್ಗಿ ಅಲ್ಲಿನ ಸಾಮಾನುಗಳನ್ನು ಒಡೆದು ಹಾಕಿದರು. ಒಡೆದದ್ದು ಕಾನೂನಿನ ದೃಷ್ಟಿಯಲ್ಲಿ ತಪ್ಪು. ಆದರೆ ‘ಬೇಡ’ ಎಂದು ಹೇಳಿ ಅದು ನಡೆಯುವಂತೆ ಮಾಡಲು ಅವರಿಗಿದ್ದ ಸ್ಥಾನ ಯಾವುದು? ಬಾಳೂರು, ಕೊಟ್ಟಿಗೆಹಾರ, ಕಳಸದ ಕಡೆಯ ಊರುಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮದ್ಯ ಮಾರಾಟದ ಪರವಾನಗಿಯನ್ನು 1965ರ ಕರ್ನಾಟಕ ಅಬಕಾರಿ ಕಾಯಿದೆಯಡಿ ಅಬಕಾರಿ ಇಲಾಖೆ ನೀಡುತ್ತದೆ. ಚಿಲ್ಲರೆ ಅಂಗಡಿಗೆ ಸಿಎಲ್-2, ಬಾರ್‌ಗೆ ಸಿಎಲ್-9, ವಸತಿಯುಳ್ಳ ಹೋಟೆಲಿಗೆ ಸಿಎಲ್-7 ಎಂಬ ವರ್ಗಗಳಿವೆ. ಹೊಸ ಅಂಗಡಿ, ಬಾರ್‌ಗಳಿಗೆ ಪರವಾನಗಿ ಇಲ್ಲವೆಂಬ ನೀತಿ ದೀರ್ಘಕಾಲ ಜಾರಿಯಲ್ಲಿದ್ದಾಗಲೂ ಹಳೆಯ ಪರವಾನಗಿಯ ಸ್ಥಳಾಂತರ, ಹೊಸ ಸಿಎಲ್-7, ಎಂಎಸ್‌ಐಎಲ್ ಮಳಿಗೆ ಎಂಬ ದಾರಿಗಳು ತೆರೆದೇ ಇದ್ದವು. 2023ರಲ್ಲಿ ದೊಡ್ಡ ಗ್ರಾಮ ಪಂಚಾಯತಿಗಳಲ್ಲಿ ಹೊಸ ಅಂಗಡಿ ತೆರೆಯುವ ಪ್ರಸ್ತಾಪ ಬಂದು, ವಿರೋಧದಿಂದಾಗಿ ನಿಂತಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಇಂಥ ಗುರಿ ಹೊತ್ತ ಇಲಾಖೆಯೇ ಊರಿನ ಹಿತವನ್ನೂ ತೂಗಬೇಕೆಂಬುದು ಈ ವ್ಯವಸ್ಥೆಯ ಮೂಲ ತೊಡಕು.

ಊರಿನ ರಕ್ಷಣೆಗೆಂದು ಇರುವ ಮುಖ್ಯ ನಿಯಮ ದೂರದ್ದು. ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಮನೆಗಳು ಒತ್ತೊತ್ತಾಗಿರುವ ಪೇಟೆಗೆ ಇದು ಹೊಂದುತ್ತದೆ. ಮಲೆನಾಡಿನಲ್ಲಿ ಶಾಲೆ ಒಂದು ಗುಡ್ಡದ ಮೇಲೆ, ದೇವಸ್ಥಾನ ಇನ್ನೊಂದು ಮಗ್ಗುಲಲ್ಲಿ, ಮನೆಗಳು ತೋಟದೊಳಗೆ. ಇವೆಲ್ಲಕ್ಕೂ ಹೋಗುವ ದಾರಿ ಕೂಡುವುದು ಒಂದೇ ಕೈಮರದ ಬಳಿ. ಅಲ್ಲಿ ಅಂಗಡಿ ಬಂದರೆ ನಿಯಮ ಮುರಿಯುವುದಿಲ್ಲ. ಆದರೆ ಶಾಲೆಯ ಮಕ್ಕಳೂ ಕೆಲಸ ಮುಗಿಸಿ ಮರಳುವ ಹೆಣ್ಣಾಳುಗಳೂ ಅದರ ಮುಂದೆಯೇ ಸಾಗಬೇಕು. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಯ 500 ಮೀಟರ್ ಒಳಗಿನ ಅಂಗಡಿಗಳನ್ನು ತೆಗೆಯಲು ಆದೇಶಿಸಿತು. 2017ರ ಮಾರ್ಚ್‌ನಲ್ಲಿ ಸಣ್ಣ ಊರುಗಳಿಗೆ ಈ ದೂರವನ್ನು 220 ಮೀಟರಿಗೆ ಇಳಿಸಿತು. ಆಗ ಹಲವೆಡೆ ಅಂಗಡಿಗಳು ಹೆದ್ದಾರಿ ಬಿಟ್ಟು ಹಳ್ಳಿಯ ಒಳಕ್ಕೆ ಸರಿದವು. ದೂರವನ್ನು ಮಾತ್ರ ಅಳೆಯುವ ನಿಯಮದ ಮಿತಿ ಇದು.

ಅಳತೆಗೆ ಸಿಗದ ಪರಿಣಾಮಗಳು ಇನ್ನೂ ಇವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಟವಾಡೆಯ ಹಣ ಸಂತೆಗೆ ಹೋಗುವ ಮುನ್ನವೇ ಕರಗಿದರೆ ಲೈನ್ ಮನೆಯ ಒಲೆಗೆ ಅದರ ಬಿಸಿ ತಟ್ಟುತ್ತದೆ. ರಸ್ತೆಬದಿಯಲ್ಲಿ ಎಸೆದ ಬಾಟಲಿ ಒಡೆದು ಮಳೆಗಾಲದಲ್ಲಿ ಗದ್ದೆಗೆ ಇಳಿಯುತ್ತದೆ. ನಾಟಿಗೆ ಬರಿಗಾಲಲ್ಲಿ ಇಳಿದವರ ಕಾಲನ್ನೂ ದನದ ಗೊರಸನ್ನೂ ಸೀಳುತ್ತದೆ. ಅಗ್ಗದ ಮದ್ಯದ ಪೊಟ್ಟಣದಲ್ಲಿ ಕಾಗದದ ಜೊತೆಗೆ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಂ ಹಾಳೆಯೂ ಅಂಟಿಕೊಂಡಿರುವುದರಿಂದ ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಸೇರುತ್ತದೆ. ಕಳಸದ ಮಗ್ಗುಲಲ್ಲಿ ಹರಿಯುವ ಭದ್ರೆಯ ನೀರು ಕೃಷ್ಣೆಯನ್ನು ಸೇರುತ್ತದೆ. ನದಿಗಳ ತಲೆಯ ಮೇಲೆ ಬಿದ್ದ ಕಸ ಕೆಳಗಿನವರ ಪಾಲಿಗೂ ಹೋಗುತ್ತದೆ.

ಬೇರೆಡೆ ಊರಿಗೆ ಮಾತಿನ ಹಕ್ಕು ಸಿಕ್ಕಿರುವುದುಂಟು. ಮಹಾರಾಷ್ಟ್ರದಲ್ಲಿ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ಅಡ್ಡ ಬಾಟಲಿ’ಯ ಚಿಹ್ನೆಗೆ ಮತ ಹಾಕಿದರೆ ಊರಿನ ಮದ್ಯದಂಗಡಿ ಮುಚ್ಚಬೇಕು. 1996ರ ಪೆಸಾ ಕಾಯಿದೆ ಪರಿಶಿಷ್ಟ ಪ್ರದೇಶಗಳ ಗ್ರಾಮಸಭೆಗೆ ಮದ್ಯವನ್ನು ನಿಯಂತ್ರಿಸುವ ಅಧಿಕಾರ ಕೊಡಲು ಹೇಳುತ್ತದೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಘೋಷಣೆಯಾಗಿಲ್ಲದ ಕಾರಣ ಇಲ್ಲಿನ ಮಲೆಕುಡಿಯರಿಗೂ ಗೌಡಲು ಜನರಿಗೂ ಆ ಹಕ್ಕು ದೊರೆತಿಲ್ಲ. ಸಿಕ್ಕ ಹಕ್ಕು ಶಾಶ್ವತವೂ ಅಲ್ಲ: ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಒಪ್ಪಿಗೆ ಬೇಕೆಂಬ ಷರತ್ತನ್ನು 2017ರಲ್ಲಿ ಸರ್ಕಾರ ತೆಗೆದುಹಾಕಿತು.

ಅಂಗಡಿ ಮುಚ್ಚಿದ ಮಾತ್ರಕ್ಕೆ ಕುಡಿತ ನಿಲ್ಲುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪರವಾನಗಿಯ ಅಂಗಡಿ ದೂರವಾದರೆ ಗೂಡಂಗಡಿಯ ಕಳ್ಳ ಮಾರಾಟ ಹತ್ತಿರವಾಗುವುದೂ ಉಂಟು. ಆದ್ದರಿಂದ ಇಲ್ಲಿನ ಬೇಡಿಕೆ ಸಂಪೂರ್ಣ ನಿಷೇಧದ್ದಲ್ಲ. ಎಲ್ಲಿ, ಎಷ್ಟು, ಯಾವ ಷರತ್ತಿನ ಮೇಲೆ ಎಂಬುದನ್ನು ಪರಿಣಾಮ ಉಣ್ಣುವವರೂ ಕೂಡಿ ತೀರ್ಮಾನಿಸಬೇಕೆಂಬುದು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹೋಟೆಲು, ಅಂಗಡಿಗಳ ಸಾಮಾನ್ಯ ಪರವಾನಗಿಯೂ ಕಟ್ಟಡದ ಅನುಮತಿಯೂ ಪಂಚಾಯತಿಯ ಕೈಯಲ್ಲಿವೆ. ಕಸ ವಿಲೇವಾರಿಯ ಷರತ್ತನ್ನು ಅಲ್ಲಿಯೇ ವಿಧಿಸಬಹುದು. ಹೋಂಸ್ಟೇಗೆ ನೋಂದಣಿ ಇದ್ದರೆ ಮದ್ಯ ಮಾರಬಹುದೆಂದು ಅರ್ಥವಲ್ಲ; ಅದಕ್ಕೆ ಅಬಕಾರಿ ಪರವಾನಗಿ ಬೇಕು. ನೀಲಗಿರಿಯಲ್ಲಿ 2022ರ ಮೇ ತಿಂಗಳಿನಿಂದ, ಮದರಾಸು ಉಚ್ಚ ನ್ಯಾಯಾಲಯದ ನಿರ್ದೇಶನದಂತೆ, ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಮರಳಿಸುವ ಕ್ರಮ ಜಾರಿಗೆ ಬಂತು. ಬಹುಪಾಲು ಬಾಟಲಿಗಳು ಅಂಗಡಿಗೆ ಮರಳಿದವು. ಚಾರ್ಮಾಡಿ ಘಾಟಿಗೂ ಇದೇ ಕ್ರಮ ಬೇಕೆಂದು ಕೇಳಲು ಅಡ್ಡಿಯೇನು?

ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಿಂದ ಪರವಾನಗಿಗಳು ನವೀಕರಣಗೊಳ್ಳುತ್ತವೆ. ಹೊರಗೆ ಜಡಿಮಳೆ ಹಿಡಿದಿರುವಾಗ ಕಚೇರಿಯೊಳಗೆ ಊರಿನ ಒಂದು ವರ್ಷ ನಿಶ್ಚಯವಾಗುತ್ತದೆ. ಆದ್ದರಿಂದ ಮಳೆಗೆ ಮುಂಚಿನ ಗ್ರಾಮಸಭೆಯಲ್ಲಿಯೇ ವಿಷಯ ಬರಬೇಕು. ಹೆಂಗಸರೂ ಲೈನ್ ಮನೆಯವರೂ ಆ ಸಭೆಯಲ್ಲಿರಬೇಕು. ಗದ್ದೆ, ಹಳ್ಳ, ಕೈಮರಗಳ ಸ್ಥಿತಿಯನ್ನು ವಿದ್ಯಾರ್ಥಿಗಳು ನಕ್ಷೆ ಬರೆದು ತೋರಿಸಬೇಕು. ನಿರ್ಣಯ ನಡವಳಿ ಪುಸ್ತಕದಲ್ಲಿ ದಾಖಲಾಗಿ, ಅದರ ಪ್ರತಿ ಜಿಲ್ಲಾಧಿಕಾರಿಗೂ ಅಬಕಾರಿ ಇಲಾಖೆಗೂ ತಲುಪಿ, ಸ್ವೀಕೃತಿ ಊರಿನ ಕೈಯಲ್ಲಿರಬೇಕು. ಮುಸ್ಲಾಪುರದ ಹೆಂಗಸರು ಕೈಯಿಂದ ಹೇಳಬೇಕಾಗಿ ಬಂದ ಮಾತನ್ನು ಬಾಳೂರು ಕಾಗದದ ಮೇಲೆ, ಕಾಲಕ್ಕೆ ಮುಂಚೆ ಹೇಳಲಿ.