ಏರ್ ಹಿಡಿದ ಎಂಜಿನ್ನು

ಶೇಡಬಾಳದ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಹಳೆಯ ಡೀಸೆಲ್ ಎಂಜಿನ್ನು ನಿಂತುಹೋದರೆ ರೈತರು ಆಡುವ ಮಾತೊಂದುಂಟು: ‘ಏರ್ ಹಿಡದೈತಿ.’ ಗಾಳಿ ಹಿಡಿಯುವುದೆಂದರೆ ನಮ್ಮ ಹಿರಿಯರಿಗೆ ದೆವ್ವ ಮೆಟ್ಟಿಕೊಳ್ಳುವುದು. ದೆವ್ವ ಹೋಗಿ ಯಂತ್ರ ಬಂದಿತು, ಗಾಳಿ ಹೋಗಿ ‘ಏರ್’ ಬಂದಿತು. ಹಿಡಿಯುವ ಕ್ರಿಯೆ ಮಾತ್ರ ಅಚ್ಚಗನ್ನಡದಲ್ಲಿಯೇ ಉಳಿಯಿತು. ನಿಘಂಟುಕಾರರು ಒಮ್ಮೆಯಾದರೂ ಪಂಪಿನ ಮನೆಗಳನ್ನು ಹೊಕ್ಕು ಬರಬೇಕು.

ಈ ನೆಲಕ್ಕೆ ಯಂತ್ರದ ನಂಟು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ ಸಾಗಿದರು. 1910ರಲ್ಲಿ ಮಿರಜದ ಆಚೆ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನಲ್ಲಿ ಅದುಮಿದ ಗಾಳಿಯೇ ಕಾಯುತ್ತದೆ. ಅದರೊಳಕ್ಕೆ ಸಿಂಪಡಿಸಿದ ಎಣ್ಣೆ ತಾನಾಗಿ ಉರಿಯುತ್ತದೆ. ಆದರೆ ಎಣ್ಣೆಯ ನಳಿಗೆಯಲ್ಲಿ ಗುಳ್ಳೆಯೊಂದು ಸೇರಿತೋ, ಪಂಪು ಎಣ್ಣೆಯನ್ನು ಬಿಟ್ಟು ಆ ಗುಳ್ಳೆಯನ್ನೇ ಹಿಸುಕುತ್ತ ಕೂಡುತ್ತದೆ. ಆಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಶುದ್ಧ ಎಣ್ಣೆ ಬರುವತನಕ ಹರಿಯಬಿಡಬೇಕು. ಬಳಿಕ ಹ್ಯಾಂಡಲ್ ತಿರುವಿದರೆ ನಾಝಲ್ಲು ‘ಚಿರ್‍’ ಎನ್ನಬೇಕು. ಆ ಸದ್ದು ಕೇಳಿಯೂ ಎಂಜಿನ್ನು ಚಾಲೂ ಆಗದಿದ್ದರೆ ಒತ್ತಡ ಸೋರುತ್ತಿರಬಹುದು. ವಾಲ್ವನ್ನೋ ರಿಂಗನ್ನೋ ನೋಡಬೇಕು. ನಾಝಲ್ಲಿನ ತುಂತುರಿಗೆ ಮಾತ್ರ ಕೈಯೊಡ್ಡಲಾಗದು. ಅದು ಚರ್ಮವನ್ನು ಭೇದಿಸಿಬಿಡುತ್ತದೆ.

ನನ್ನ ನೆರೆಯ ರೈತರೊಬ್ಬರ ಎಂಜಿನ್ನಿನ ರೋಗ ಬೇರೆಯದಾಗಿತ್ತು. ಇಪ್ಪತ್ತು ನಿಮಿಷ ಓಡುವುದು, ಏದುಸಿರು ಬಿಟ್ಟು ನಿಲ್ಲುವುದು. ಕೆಲಹೊತ್ತು ಬಿಟ್ಟರೆ ಮತ್ತೆ ಓಡುವುದು. ಏರ್ ತೆಗೆದರು, ಫಿಲ್ಟರು ಬದಲಿಸಿದರು, ಪಂಪನ್ನು ಬಿಚ್ಚಿಸಿ ತೆತ್ತ ಹಣವೂ ಸಣ್ಣದಲ್ಲ. ಬೇಸಿಗೆಯ ಕಬ್ಬು ಸುರುಳಿಸುತ್ತಿತ್ತು. ಗುಜರಿಯವನು ಬಂದು ತೂಕದ ಲೆಕ್ಕ ಹೇಳಿಯೂ ಹೋಗಿದ್ದ.

ಕೊನೆಗೆ ಬಂದ ಮುದಿ ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಎಂಜಿನ್ನು ಚಾಲೂ ಮಾಡಿಸಿ, ಬೇವಿನ ನೆರಳಿನಲ್ಲಿ ಕುಳಿತು ಬೀಡಿ ಸೇದುತ್ತ ಕಿವಿಗೊಟ್ಟರು. ಸದ್ದು ಸೊರಗತೊಡಗಿದೊಡನೆ ಎದ್ದು ಹೋಗಿ ಎಣ್ಣೆಯ ಟಾಕಿಯ ಮುಚ್ಚಳ ಸಡಿಲಿಸಿದರು. ‘ಸುಯ್’ ಎಂದಿತು, ಎಂಜಿನ್ನು ಮತ್ತೆ ಚೇತರಿಸಿಕೊಂಡಿತು. ಮುಚ್ಚಳದಲ್ಲಿ ಸೂಜಿಗಾತ್ರದ ತೂತೊಂದಿರುತ್ತದೆ. ಎಣ್ಣೆ ಇಳಿದಷ್ಟೂ ಅದರ ಮೂಲಕ ಗಾಳಿ ಒಳಬರಬೇಕು. ಇಲ್ಲವಾದರೆ ಟಾಕಿಯೇ ಎಣ್ಣೆಯನ್ನು ಹಿಡಿದಿಡುತ್ತದೆ. ಆ ತೂತು ಮಣ್ಣು ಜಿಡ್ಡುಗಳಿಂದ ಮುಚ್ಚಿಹೋಗಿತ್ತು.

‘ಕಾಕಾ, ಇದಕ್ಕ ಏರ್ ಹಿಡದಿಲ್ರಿ, ಏರ್ ಸಿಗವಲ್ದಾಗಿತ್ರಿ’ ಎಂದು ಮಿಸ್ತ್ರಿ ಜಾಲಿಯ ಮುಳ್ಳಿನಿಂದ ತೂತನ್ನು ಬಿಡಿಸಿದರು. ಪಂಪಿಗೆ ಸುರಿದ ಹಣ ಹಿಂದಿರುಗಲಿಲ್ಲ. ಕಬ್ಬಿನ ಕೊನೆಯ ಸಾಲಿಗೆ ಅಂದು ಸಂಜೆಯೇ ನೀರು ಮುಟ್ಟಿತು.