ಹಿಂದೆ ಬರುವವನು

ಸಹೋದರರೇ, ಭಾನುವಾರ ಫಜ್ರ್ ನಮಾಝ್ ಮುಗಿಸಿ ಹೊರಬರುವ ಹೊತ್ತಿಗೆ ಜಯನಗರದ ರಸ್ತೆಗಳಲ್ಲಿ ಸೈಕಲ್ ಗುಂಪುಗಳು ಕಾಣಿಸುತ್ತವೆ. ತುರಹಳ್ಳಿ ಕಾಡಿನ ಕಡೆಗೋ ಕನಕಪುರ ರಸ್ತೆಗೋ ಹೊರಟವರು. ನಮ್ಮ ಮೊಹಲ್ಲಾದ ಹುಡುಗರೂ ಅವರ ಜೊತೆಗಿದ್ದಾರೆ. ಇಂತಹ ಸವಾರಿಗಳಲ್ಲಿ ಒಬ್ಬನನ್ನು ಕೊನೆಯಲ್ಲಿ ಇರಿಸುವ ರೂಢಿಯಿದೆ. ಅವನು ವೇಗವಾಗಿ ತುಳಿಯಬಲ್ಲವನೇ. ಆದರೂ ಎಲ್ಲರಿಗಿಂತ ಹಿಂದೆ ಬರುತ್ತಾನೆ. ಪಂಕ್ಚರ್ ಆದವನ, ಏರಿನಲ್ಲಿ ಉಸಿರು ಕಟ್ಟಿದವನ ಪಕ್ಕ ನಿಲ್ಲುವುದು ಅವನ ಕೆಲಸ. ಧರ್ಮ ಕೇಳಿ ಅಲ್ಲಿ ಯಾರೂ ಪಂಪ್ ಕೊಡುವುದಿಲ್ಲ.

ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ತಂಡದ ಹಿಂದೆ ಬರುತ್ತಿದ್ದರು, ಬಲಹೀನರನ್ನು ಮುಂದಕ್ಕೆ ನಡೆಸುತ್ತಿದ್ದರು, ತಮ್ಮ ಸವಾರಿಯ ಮೇಲೆ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ದುಆ ಮಾಡುತ್ತಿದ್ದರು ಎಂದು ಅಬೂದಾವೂದ್‌ನ ಹದೀಸಿನಲ್ಲಿದೆ. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂಬ ನಿರ್ದೇಶವೂ ಅಲ್ಲಿಯೇ ಇದೆ. ನಾಯಕನೆಂದರೆ ಮುಂದಿನ ಕುರ್ಚಿ ಎಂದುಕೊಂಡಿರುವ ನಮ್ಮ ಕಮಿಟಿಗಳು ಇದನ್ನು ಸ್ವಲ್ಪ ಯೋಚಿಸಲಿ.

ಇನ್ನೊಂದು ಮಾತು, ಕಹಿಯಾದದ್ದು. ಜಯನಗರದಲ್ಲಿ ಸೈಕಲ್‌ಗೆಂದೇ ರಸ್ತೆಯಂಚಿನಲ್ಲಿ ಪಥ ಗುರುತಿಸಿದ್ದರು. ಅದರ ಮೇಲೆ ಕಾರುಗಳು ನಿಂತದ್ದೇ ಹೆಚ್ಚು. ಜುಮಾ ದಿನ ನಮ್ಮಲ್ಲಿ ಕೆಲವರ ವಾಹನಗಳೂ ರಸ್ತೆಯಂಚನ್ನು ಹೀಗೆಯೇ ನುಂಗುತ್ತವೆ. ಆಗ ಸೈಕಲ್‌ನಲ್ಲಿ ಬರುವ ಮಗು ಬಸ್ಸಿನ ಮುಂದಕ್ಕೆ ಸರಿಯಬೇಕಾಗುತ್ತದೆ. ದಾರಿಯ ಅಡಚಣೆ ತೆಗೆಯುವುದು ಈಮಾನಿನ ಒಂದು ಶಾಖೆ. ಅಡಚಣೆ ಇಟ್ಟು ಬಂದು ಒಳಗೆ ಸಫ್ ನೇರ ಮಾಡಿಕೊಂಡರೆ ಏನು ಬಂತು? ಮುಂದಿನ ಶುಕ್ರವಾರದಿಂದ ಹತ್ತಿರದವರು ನಡೆದು ಬನ್ನಿ. ಸೈಕಲ್ ಇರುವವರು ಅದರಲ್ಲೇ ಬನ್ನಿ; ಮಸೀದಿಯ ಅಂಗಳದಲ್ಲಿ ಜಾಗ ಬಿಡಿಸಿದ್ದೇವೆ.